ಗ್ರೂಪಿನಿಂದ ತೆಗೆದವರ ಗ್ರೂಪ್

ಜನ್ನಾಪುರದಿಂದ ಶಿವಮೊಗ್ಗಕ್ಕೆ ದಿನಾ ಕೆಲಸಕ್ಕೆ ಓಡಾಡುವವರಿಗೆಂದು ಮೊಬೈಲ್‌ನಲ್ಲಿ ನಾನೊಂದು ಗ್ರೂಪ್ ಮಾಡಿದೆ. ಬಸ್ ಎಲ್ಲಿದೆ, ಯಾರಿಗಾದರೂ ರಕ್ತ ಬೇಕೇ, ಇವೆರಡೇ ಅದರ ಕೆಲಸ. ಐನೂರು ಜನ ಸೇರಿದರು. ಅಂದಿನಿಂದ ಮನುಷ್ಯನ ತಲೆ ಎಲ್ಲೆಲ್ಲಿ ಓಡುತ್ತದೆ ಎಂದು ಬೆರಗಾಗುವುದೇ ನನ್ನ ದಿನಚರಿ. ಅಡ್ಮಿನ್ ಆದವನಿಗೆ ಇದರಿಂದ ರಜೆಯಿಲ್ಲ.

೧. ಗುಲಾಬಿ ಮೇಷ್ಟ್ರು

ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಪ್ರತಿ ಬೆಳಿಗ್ಗೆ ಹನ್ನೆರಡು ಗುಲಾಬಿ ಚಿತ್ರ ಕಳಿಸುತ್ತಿದ್ದರು. ಒಂದು ದಿನ ಬಾಣಂತಿಯೊಬ್ಬಳಿಗೆ ರಕ್ತ ಬೇಕೆಂಬ ಮೆಸೇಜ್ ಆ ಹೂರಾಶಿಯಡಿ ಸಿಕ್ಕಿ, ನನ್ನ ಕಣ್ಣಿಗೆ ಬೀಳುವಾಗ ಅರ್ಧ ದಿನ ಕಳೆದಿತ್ತು. ಪುಣ್ಯಕ್ಕೆ ಬೇರೆಲ್ಲೋ ರಕ್ತ ಸಿಕ್ಕಿತ್ತು. ಆದರೂ ಅವತ್ತೇ ನಿಯಮ ಮಾಡಿದೆ: ಬೇಡದ ಮೆಸೇಜ್ ಹಾಕಿದರೆ ಮೂರು ಎಚ್ಚರಿಕೆ, ಆಮೇಲೆ ಹೊರಗೆ. ಮೇಷ್ಟ್ರು ಒಂದೇ ಬೆಳಿಗ್ಗೆ ಮೂರನ್ನೂ ಗಳಿಸಿಕೊಂಡು ಹೊರಬಿದ್ದರು.

ಮರುದಿನ ಬಸ್ ಸ್ಟಾಪಿನ ಕಂಬಕ್ಕೆ ಗುಲಾಬಿಯ ಕಲರ್ ಪ್ರಿಂಟ್ ಅಂಟಿತ್ತು. ಪಕ್ಕದಲ್ಲಿ ಗೋಂದಿನ ಡಬ್ಬಿ ಹಿಡಿದ ಮೇಷ್ಟ್ರು.

"ಇಲ್ಲಿಂದ ಹ್ಯಾಗೆ ರಿಮೂವ್ ಮಾಡ್ತೀರೋ ನೋಡ್ತೀನಿ."

೨. ಮೂರನೇ ಸೀಟು

ಚಕ್ಕುಲಿ ಮಾರುವ ಅಕ್ಕನಿಗೆ ಜಾಹೀರಾತು ಹಾಕಬೇಡಿ ಎಂದು ಮೂರು ಸಲ ಎಚ್ಚರಿಸಿದ್ದೆ. ಆಮೇಲೆ ಬಂದ ಮೆಸೇಜ್ ಹೀಗಿತ್ತು: "ಎಂಟೂವರೆ ಬಸ್ ಈಗ ಬಂತು. ಮೂರನೇ ಸೀಟಲ್ಲಿ ನಾನಿದೀನಿ. ಚೀಲದಲ್ಲಿ ಬಿಸಿ ಚಕ್ಕುಲಿ ಇದಾವೆ."

ಬಸ್ಸಿನ ಸುದ್ದಿ ಹೌದೇ ಹೌದು. ನನ್ನದೇ ನಿಯಮವನ್ನು ನಾಲ್ಕು ಸಲ ಓದಿದೆ, ತಪ್ಪು ಸಿಗಲಿಲ್ಲ. ಆದರೂ ಮರ್ಯಾದೆ ಪ್ರಶ್ನೆಯೆಂದು ತೆಗೆದುಹಾಕಿದೆ. ಮರುದಿನದಿಂದ ಬಸ್ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅಕ್ಕ ಎಲ್ಲಿದ್ದಾರೆ ಎಂದು ಕೇಳಿದರು.

೩. ಒಬ್ಬರೇ ಇಬ್ಬರು

ಶಿವಮೊಗ್ಗದ ಗೋಪಾಳದಲ್ಲಿ ಆಫೀಸಿರುವ ಇನ್ಶೂರೆನ್ಸ್ ಏಜೆಂಟರೊಬ್ಬರು ಒಂದು ನಂಬರಿನಿಂದ ಎಲ್ಲರನ್ನೂ ಬೈಯುತ್ತಿದ್ದರು. ಇನ್ನೊಂದು ನಂಬರಿನಿಂದ, ಹಾಗೆಲ್ಲ ಬೈಬಾರದು ಎಂದು ತಮಗೇ ಬುದ್ಧಿ ಹೇಳುತ್ತಿದ್ದರು. ಎರಡಕ್ಕೂ ಅದೇ ಫೋಟೋ, ಒಂದರಲ್ಲಿ ಕನ್ನಡಕ ಹೆಚ್ಚು. ಬೈಯುವ ನಂಬರನ್ನು ತೆಗೆದೆ. ಒಳ್ಳೆಯ ನಂಬರಿನಿಂದ ಕೂಡಲೇ ನನಗೆ ಮೆಸೇಜ್ ಬಂತು.

"ಸರ್, ಅವನು ತುಂಬಾ ನೊಂದ್ಕೊಂಡಿದಾನೆ. ಒಂದ್ಸಲ ಕ್ಷಮಿಸಿ, ನಾನು ಜವಾಬ್ದಾರಿ."

೪. ಆಸ್ಪತ್ರೆ ಗೇಟು

ಮೊನ್ನೆ ನನ್ನ ತಂಗಿಗೆ ಶಿವಮೊಗ್ಗದಲ್ಲಿ ದಿಢೀರನೆ ಆಪರೇಷನ್. ಮಧ್ಯಾಹ್ನದೊಳಗೆ ಎರಡು ಬಾಟಲಿ ಓ ನೆಗೆಟಿವ್ ಬೇಕು ಎಂದರು ಡಾಕ್ಟರು. ಗ್ರೂಪಿಗೆ ಹಾಕಿದೆ. ನಾನೂರು ಜನ ನೋಡಿದರು. ಒಬ್ಬರೂ ಉಸಿರೆತ್ತಲಿಲ್ಲ. ಅಷ್ಟು ಶಿಸ್ತು ಕಲಿಸಿಬಿಟ್ಟಿದ್ದೆ. ಕೊನೆಗೆ ಒಬ್ಬರು ಬೇರೆಯಾಗಿ ಕೇಳಿದರು: "ಸರ್, ದೇವರು ಒಳ್ಳೇದು ಮಾಡ್ಲಿ ಅಂತ ಹಾಕಬಹುದಾ? ಎಚ್ಚರಿಕೆ ಕೊಡಲ್ಲ ತಾನೆ?"

ನನಗೆ ಅಳುವೇ ಬಂತು. ಅಷ್ಟರಲ್ಲಿ ಗೇಟಿನಿಂದ ಮೇಷ್ಟ್ರು ಬಂದರು. ಹಿಂದೆ ಚಕ್ಕುಲಿ ಅಕ್ಕ, ಏಜೆಂಟರು, ಗುರುತಿಲ್ಲದ ಇನ್ನಿಬ್ಬರು. ನಾನು ಹೊರಹಾಕಿದವರೆಲ್ಲ ಸೇರಿ ತಮ್ಮದೇ ಗ್ರೂಪ್ ಮಾಡಿಕೊಂಡಿದ್ದರಂತೆ. ಏಜೆಂಟರ ಒಳ್ಳೆಯ ನಂಬರು ನನ್ನ ಮೆಸೇಜನ್ನು ಅಲ್ಲಿಗೆ ದಾಟಿಸಿತ್ತು. ಗುರುತಿಲ್ಲದವರಿಬ್ಬರದೂ ಓ ನೆಗೆಟಿವ್. ಅವರನ್ನೂ ನಾನೇ ತೆಗೆದಿದ್ದೆನಂತೆ, ನೆನಪಿರಲಿಲ್ಲ.

ತಂಗಿ ಉಳಿದಳು. ನಾನು ಮೇಷ್ಟ್ರ ಕೈ ಹಿಡಿದು, ನನ್ನನ್ನೂ ನಿಮ್ಮ ಗ್ರೂಪಿಗೆ ಸೇರಿಸಿಕೊಳ್ಳಿ ಎಂದೆ.

"ಸೇರಿಸ್ತೀನಿ ಮಾರಾಯ್ರೆ. ಆದ್ರೆ ನಮ್ಮಲ್ಲೂ ನಿಯಮ ಇದೆ. ದಿನಾ ಒಂದು ಗುಲಾಬಿ ಹಾಕ್ಬೇಕು. ಮೂರು ದಿನ ತಪ್ಪಿದ್ರೆ ಹೊರಗೆ."

ತಂಗಿ ಮನೆಗೆ ಬಂದ ಸಂಭ್ರಮದಲ್ಲಿ ಮೂರು ದಿನವೂ ಮರೆತೆ. ನಾಲ್ಕನೇ ಬೆಳಿಗ್ಗೆ ನನ್ನನ್ನು ತೆಗೆದುಹಾಕಿದ್ದರು. ಜಗತ್ತಿನಲ್ಲಿ ಆ ಗ್ರೂಪಿನಿಂದಲೂ ಹೊರಬಿದ್ದವನು ನಾನೊಬ್ಬನೇ.

ಇವತ್ತು ಬಸ್ ಸ್ಟಾಪಿನ ಕಂಬಕ್ಕೆ ಒಂದು ಗುಲಾಬಿ ಪ್ರಿಂಟ್ ಅಂಟಿಸಿ ಬಂದಿದ್ದೇನೆ. ಮೇಷ್ಟ್ರು ನೋಡಲಿ ಎಂದು.