ಮಣೆ ಹತ್ತದ ಅತ್ತೆ, ಮಣೆಯಾದ ಕಾರು

ಆಗ ನನಗೆ ಇಪ್ಪತ್ತಾರು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಕಾರು ಇಲ್ಲದವರಿಗೆ ಕಾರಿನ ಚಿಂತೆ ಇರುವುದಿಲ್ಲ. ಬಸ್ಸು ಬಂದರೆ ಹತ್ತುತ್ತಾರೆ, ಬಾರದಿದ್ದರೆ ನಡೆಯುತ್ತಾರೆ. ಕಾರು ಇರುವವರು ಹತ್ತುವುದೂ ಇಲ್ಲ, ನಡೆಯುವುದೂ ಇಲ್ಲ, ರಿಪೇರಿಯಾಗಿ ಬರಲಿ ಎಂದು ಮನೆಯಲ್ಲಿ ಕೂತಿರುತ್ತಾರೆ. ನಾನು ಹಾಗೆ ಕೂತವಳು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟೆ, ಆದರೆ ಕಾರಿನ ಹೊಟ್ಟೆಯ ಕೆಳಗಿರುವ ಸಾಮಾನುಗಳ ಹೆಸರನ್ನು ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ದೇವರ ಹೆಸರು ಇಷ್ಟು ಬಾಯಿಪಾಠವಾಗಿದ್ದರೆ ಈ ಹೊತ್ತಿಗೆ ಮೋಕ್ಷವೇ ಸಿಕ್ಕಿರುತ್ತಿತ್ತು.

ನಮ್ಮ ಮನೆ ಕಡೂರಿನಲ್ಲಿ, ರೈಲಿನ ಕೂಗು ಅಡಿಗೆಮನೆಗೆ ಕೇಳುವಷ್ಟು ಹತ್ತಿರ. ಹೊಲ ಇತ್ತು, ತೆಂಗಿನ ತೋಟ ಇತ್ತು, ಸುಮ್ಮನಿರಬಹುದಿತ್ತು. ನಮ್ಮ ಯಜಮಾನರು ತರೀಕೆರೆಯ ನಾಟಾ ವ್ಯಾಪಾರಿಯೊಬ್ಬನಿಂದ ಒಂದು ಹಳೆಯ ಕರಿ ಕಾರು ಕೊಂಡು ತಂದರು. ನಾನು ಆರತಿ ಎತ್ತಿದೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಎಲ್ಲಾ ಆದ ಮೇಲೆ ಯಜಮಾನರು ಅತ್ತೆಯನ್ನು ಕರೆದರು, 'ಬಾರವ್ವಾ, ಮೊದಲು ನೀನೇ ಕೂತ್ಕ' ಎಂದರು. ಅತ್ತೆ ಭಾರದ ಹೆಂಗಸು, ಮಂಡಿನೋವು ಬೇರೆ. ಬಾಗಿಲ ಹತ್ತಿರ ನಿಂತು ಕಾಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಬೀದಿಯವರೆಲ್ಲ ನೋಡುತ್ತಿದ್ದರು. ನನಗೆ ತೋಚಿದ್ದು ಒಂದೇ. ಒಳಗೆ ಹೋಗಿ ಊಟಕ್ಕೆ ಕೂರುವ ಮಣೆ ತಂದು ಅವಳ ಕಾಲ ಮುಂದೆ ಇಟ್ಟೆ.

ಅತ್ತೆ ಹಾವು ಕಂಡವಳ ಹಾಗೆ ಹಿಂದೆ ಸರಿದಳು. 'ಲೇ, ಮಣೆ ಹತ್ತೋದು ಮದುವೇಲಿ ಕಣೇ! ಗಂಡ ಸತ್ತು ಹದಿನೈದು ವರ್ಷ ಆಗೈತೆ. ಈ ವಯಸ್ನಾಗೆ ಬೀದೀಲಿ ಮಣೆ ಮೇಲೆ ನಿಲ್ಲಿಸ್ತೀಯಲ್ಲ, ಮುದುಕಿಗೆ ಎರಡನೇ ಮದುವೆ ಅಂತ ಡಂಗುರ ಹೊಡಿಸ್ಬೇಕಾ?'

'ಮಣೆ ಬೇಡ ಅಂದ್ರೆ ನನ್ನ ಕೈ ಹಿಡ್ಕೊಳ್ಳಿ ಅತ್ತೆಮ್ಮ' ಎಂದೆ.

'ಸೊಸೆ ಕೈ ಹಿಡ್ಕೊಂಡು ಹತ್ತೋ ಹಂಗಾದ್ರೆ ಆವತ್ತೇ ನನ್ನ ಮಣ್ಣಿಗೆ ಹಾಕ್ರಿ' ಎಂದು ಒಳಗೆ ಹೋದಳು.

ಯಜಮಾನರಿಗೆ ತಾಯಿ ಎಂದರೆ ತಾಯಿ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ, ಅವ್ವ ಕಾರಿನ ಮಟ್ಟಕ್ಕೆ ಏರದಿದ್ದರೆ ಕಾರೇ ಅವ್ವನ ಮಟ್ಟಕ್ಕೆ ಇಳಿಯಲಿ ಎಂದು ತೀರ್ಮಾನಿಸಿ ನಮ್ಮ ಕಮ್ಮಾರ ವೀರಾಚಾರಿಯನ್ನು ಕರೆಸಿದರು. ಕಾರು ಕೂತಿರುವುದು ಕಮಾನಿನ ಮೇಲೆ. ಕಮಾನು ಎಂದರೆ ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳು. ನಾಲ್ಕೂ ಮೂಲೆಯಿಂದ ಕೆಲವು ಪಟ್ಟಿ ತೆಗೆದರೆ ಕಾರು ತಾನಾಗಿ ತಗ್ಗುತ್ತದೆ. ಆಚಾರಿ ಬಿಚ್ಚಿದ, ತೆಗೆದ, ಬಿಗಿದ. ಕಾರು ಎಮ್ಮೆ ಮಲಗಿದ ಹಾಗೆ ಕುಸಿಯಿತು. ಅತ್ತೆ ಹೊಸ್ತಿಲು ದಾಟುವಷ್ಟೇ ಸಲೀಸಾಗಿ ಒಳಗೆ ಕೂತು, ಬೀದಿಯ ಕಡೆ ನೋಡಿ ಸೆರಗು ಸರಿ ಮಾಡಿಕೊಂಡಳು. 'ಕಾರು ಅಂದ್ರೆ ಇದಪ್ಪಾ!' ಎಂದಳು. ಮಗನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಆದರೆ ಅದು ಆಚಾರಿ ಎಬ್ಬಿಸಿದ ಧೂಳಿಗೆ.

ಕಮಾನಿನ ಪಟ್ಟಿಯಂಥ ಉಕ್ಕು ಬೇರೆಲ್ಲೂ ಸಿಗುವುದಿಲ್ಲವಂತೆ. ಆಚಾರಿ ಅದನ್ನು ಕುಲುಮೆಗೆ ಹಾಕಿ ಮಚ್ಚು ಮಾಡಿದ. ಒಂದು ನಮ್ಮ ತೋಟಕ್ಕೆ ಬಂತು. ಎಳನೀರಿನ ತಲೆ ಒಂದೇ ಏಟಿಗೆ ಹಾರುತ್ತಿತ್ತು. ಉಳಿದವನ್ನು ಬೇಕೆಂದವರಿಗೆಲ್ಲ ಕೊಟ್ಟ. ಅಂತೂ ನಮ್ಮ ಕಾರಿನ ಬೆನ್ನುಮೂಳೆಯಿಂದ ಊರಿನವರೆಲ್ಲ ಎಳನೀರು ಕುಡಿದರು.

ಬೆನ್ನುಮೂಳೆ ತೆಗೆದರೆ ಪ್ರಾಣಿ ಎಷ್ಟು ದಿನ ಓಡೀತು? ಎಮ್ಮೆದೊಡ್ಡಿ ಕಾವಲಿನ ದಾರಿಯಲ್ಲಿ ಗಾಡಿಯ ಜಾಡು ಎರಡು ಕಡೆ ಆಳ, ನಡುವೆ ದಿಬ್ಬ. ನಮ್ಮ ಕಾರು ಆ ದಿಬ್ಬಕ್ಕೆ ಹೊಟ್ಟೆ ಉಜ್ಜಿಕೊಂಡು ಉಡದ ಹಾಗೆ ಹೋಗುವಾಗ ಅಮೃತಮಹಲ್ ದನಗಳು ಮೇವು ಬಿಟ್ಟು ತಲೆಯೆತ್ತಿ ನೋಡುತ್ತಿದ್ದವು. ಗುಂಡಿ ಬಂದಾಗಲೆಲ್ಲ ಅಚ್ಚು ಮೇಲೆದ್ದು ಕಾರಿನ ಮೈಗೇ ಗುದ್ದುತ್ತಿತ್ತು, ಕೂತವರ ತಲೆ ಚಾವಣಿಗೆ ಗುದ್ದುತ್ತಿತ್ತು. ಮೊದಲು ಕಮಾನಿನ ತುದಿಯಲ್ಲಿರುವ ಬುಷ್ಷು ಎಂಬ ಬಳೆ ಸವೆಯಿತು. ಹೊಸದು ಹಾಕಿಸಿದರೆ ಅದೂ ಸವೆಯಿತು. ಆಮೇಲೆ ಕಮಾನನ್ನು ಹಿಡಿದ ಕೊಂಡಿ, ಆಮೇಲೆ ಗುದ್ದು ತಡೆಯುವ ರಬ್ಬರು. ಒಂದು ದಿನ ಯಜಮಾನರು ತರೀಕೆರೆಯಿಂದ ಬಂದವರೇ 'ಸಾಕಪ್ಸರ್ ಹೋಯ್ತು' ಎಂದು ತಲೆ ಮೇಲೆ ಕೈಯಿಟ್ಟು ಕೂತರು. ನನಗೆ 'ಸಾಕಪ್ಪಾ ಸಾಕು' ಎಂದ ಹಾಗೆ ಕೇಳಿಸಿ, ಕೊನೆಗೂ ಬುದ್ಧಿ ಬಂತಲ್ಲ ಎಂದು ಸಂತೋಷವಾಯಿತು. ಅದು ಶಾಕ್ ಅಬ್ಸಾರ್ಬರ್ ಎಂಬ ಇನ್ನೊಂದು ಸಾಮಾನಂತೆ. ತರೀಕೆರೆಯ ಮೆಕ್ಯಾನಿಕ್ಕು ಕೊನೆಗೆ ಬೇಸತ್ತು, 'ಗೌಡ್ರೇ, ಇದು ಕಾರಲ್ಲ, ಮಣೆ. ಎಲೆ ಹಾಕ್ಸಿ, ಊಟಕ್ಕೆ ಕೂತ್ಕಳಿ' ಎಂದನಂತೆ. ಯಜಮಾನರು ಅದನ್ನು ನನಗೆ ಬಂದು ಹೇಳಿದರು, ಅತ್ತೆಗೆ ಹೇಳಲಿಲ್ಲ.

ಈ ನಡುವೆ ಕಡೂರು ಸಂತೆಗೆ ಬಂದವರೊಬ್ಬರ ಕೈಲಿ ನನ್ನ ತಮ್ಮ ಹೇಳಿ ಕಳಿಸಿದ. ನನ್ನ ತವರು ಶಿವನಿ. ಅಪ್ಪ ಕಾಲು ಊದಿ ಹಾಸಿಗೆ ಹಿಡಿದಿದ್ದ. 'ಗೌರಿ ಬರ್ಲಿ, ಅವಳಿಗೆ ಒಂದು ಮಾತು ಹೇಳೋದೈತೆ' ಎನ್ನುತ್ತಿದ್ದನಂತೆ. ಅಪ್ಪ ಮಾತಿನ ಮನುಷ್ಯನಲ್ಲ. ನನ್ನ ಮದುವೆಯ ದಿನವೂ 'ಹೂಂ, ಹೊರಡು' ಎಂದಿದ್ದಷ್ಟೇ. ಅಂಥವನು ಒಂದು ಮಾತು ಇಟ್ಟುಕೊಂಡಿದ್ದಾನೆ ಎಂದರೆ ಹೋಗಿ ಕೇಳಿಸಿಕೊಳ್ಳಬೇಕು. ಕಡೂರಿನಲ್ಲಿ ರೈಲು ಹತ್ತಿದರೆ ಬೀರೂರು, ಅಜ್ಜಂಪುರ ದಾಟಿ ಶಿವನಿ. ಮಧ್ಯಾಹ್ನಕ್ಕೆ ಅಪ್ಪನ ಮಗ್ಗುಲಲ್ಲಿರಬಹುದು.

'ನಾಳೆ ರೈಲಿಗೆ ಹೋಗ್ತೀನಿ' ಎಂದೆ.

'ಮನೆ ಮುಂದೆ ಕಾರ್ ನಿಂತೈತೆ. ನೀನು ರೈಲಲ್ಲಿ ಇಳಿದ್ರೆ ಬೀಗರ ಊರಲ್ಲಿ ನಾನು ಮುಖ ಎಲ್ಲಿಟ್ಕೊಳ್ಲಿ?' ಎಂದರು ಯಜಮಾನರು.

'ನಿಂತೈತೆ ನಿಜ. ಓಡುತ್ತಾ?'

'ಒಂದು ಬುಷ್ಷು ಬಂದ್ರೆ ಆಯ್ತು ಕಣೇ.'

ಅತ್ತೆಯೂ ಒಳಗಿನಿಂದ ಸೇರಿಸಿದಳು, 'ಬೀಗರು ಹಾಸಿಗೆ ಹಿಡಿದಾಗ ಹಿರೇರು ಹೋಗ್ದಿದ್ರೆ ಆಡ್ಕೊಳ್ತಾರೆ. ನಾನೂ ಬತ್ತೀನಿ. ರೈಲು ನನ್ನ ಕೈಲಿ ಹತ್ತಕ್ಕಾಗಲ್ಲ.'

ಬುಷ್ಷು ಬಂತು, ಕೊಂಡಿ ಹೋಯಿತು. ಕೊಂಡಿ ಬಂತು, ರಬ್ಬರು ಹೋಯಿತು. ಯಜಮಾನರಿಗೂ ಹೆದರಿಕೆಯಾಗಿ, ತೆಗೆದ ಪಟ್ಟಿಗಳನ್ನು ವಾಪಸ್ಸು ಹಾಕು ಎಂದು ಆಚಾರಿಯ ಹತ್ತಿರ ಹೋದರು. ಅವನು 'ಮಚ್ಚೆಲ್ಲ ವಸೂಲು ಮಾಡ್ಕೊಂಡು ಬನ್ನಿ ಗೌಡ್ರೇ, ಮತ್ತೆ ಪಟ್ಟಿ ಮಾಡಿ ಕೊಡ್ತೀನಿ' ಎಂದ. ಒಂದು ತಿಂಗಳು ಹೀಗೇ ಹೋಯಿತು. ದಿನಾ ಬೆಳಿಗ್ಗೆ ರೊಟ್ಟಿ ತಟ್ಟುವಾಗ ಶಿವನಿಯ ಕಡೆ ಹೋಗುವ ರೈಲು ಕೂಗುತ್ತಿತ್ತು. ನಾನು ರೊಟ್ಟಿಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ತಟ್ಟುತ್ತಿದ್ದೆ.

ಕೊನೆಗೊಂದು ದಿನ ಎಲ್ಲಾ ಸಾಮಾನೂ ಒಟ್ಟಿಗೆ ಸರಿಯಿತ್ತು. ಹೊತ್ತು ಹುಟ್ಟುತ್ತಲೇ ಹೊರಟೆವು. ಅತ್ತೆ ಮುಂದೆ, ನಾನು ಹಿಂದೆ, ಮಡಿಲಲ್ಲಿ ಅಪ್ಪನಿಗೆಂದು ಬೇಯಿಸಿದ ಸಿಹಿ ಕಡುಬು. ಅಜ್ಜಂಪುರದವರೆಗೆ ಯಜಮಾನರು ಸಿಳ್ಳೆ ಹಾಕಿಕೊಂಡು ಓಡಿಸಿದರು. ಊರು ದಾಟಿ ದೂರ ಬಂದ ಮೇಲೆ ಒಂದು ಮೋರಿ. ಹತ್ತಿತು, ಇಳಿಯಿತು, ಕೆಳಗೆ ಕೋವಿ ಹಾರಿದ ಹಾಗೆ ಒಂದು ಸದ್ದು. ಕಮಾನಿನಲ್ಲಿ ಉಳಿದಿದ್ದ ದೊಡ್ಡ ಪಟ್ಟಿಯೇ ಎರಡು ತುಂಡಾಗಿತ್ತು. ಕಾರು ಒಂದು ಮಗ್ಗುಲಿಗೆ ಕೂತಿತು, ಮತ್ತೆ ಏಳಲಿಲ್ಲ. ನಾವೂ ರಸ್ತೆಯ ಪಕ್ಕ ಕೂತೆವು. ಆ ದಾರಿಯಲ್ಲಿ ಕುರಿ ಬಂದವು, ಸೈಕಲ್ಲು ಬಂತು, ನಮ್ಮನ್ನು ಕರೆದುಕೊಂಡು ಹೋಗುವಂಥದ್ದು ಯಾವುದೂ ಬರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಶಿವನಿಯ ಕಡೆಯ ಎತ್ತಿನ ಗಾಡಿಯೊಂದು ಸಿಕ್ಕಿತು.

ಇನ್ನು ಅತ್ತೆಯನ್ನು ಹತ್ತಿಸುವುದು ಹೇಗೆ ಎಂದು ನಾನು ಸುತ್ತ ಕಲ್ಲು ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅವಳು ಸೀರೆ ಎತ್ತಿ ಕಟ್ಟಿ, ಚಕ್ರದ ಅರದ ಮೇಲೆ ಒಂದು ಕಾಲಿಟ್ಟು, ಗಾಡಿಯೊಳಗಿನ ಹುಲ್ಲಿನ ಮೇಲೆ ಹೋಗಿ ಕೂತೇ ಬಿಟ್ಟಿದ್ದಳು. ಆ ಗಾಡಿ ನಮ್ಮ ಕಾರು ಮೊದಲಿದ್ದ ಎತ್ತರಕ್ಕಿಂತ ಎರಡು ಪಟ್ಟು ಎತ್ತರ. ನಾನು ಬಾಯಿ ಬಿಟ್ಟುಕೊಂಡು ನಿಂತೆ.

'ಏನೇ ನೋಡ್ತೀಯ? ಹುಟ್ಟಿದಾಗಿಂದ ಗಾಡಿ ಹತ್ತಿಲ್ವಾ ನಾನು? ಗಾಡಿ ಬೇರೆ, ಕಾರು ಬೇರೆ' ಎಂದಳು.

ದೀಪ ಹಚ್ಚುವ ಹೊತ್ತಿಗೆ ಶಿವನಿ ತಲುಪಿದೆವು. ಅಪ್ಪ ಕಣ್ಣು ಬಿಟ್ಟುಕೊಂಡಿದ್ದ. ನನ್ನ ಗುರುತು ಸಿಕ್ಕಿತು, ತುಟಿ ಆಡಿತು, ಮಾತು ಬರಲಿಲ್ಲ. ತಮ್ಮ ಹೇಳಿದ, 'ಹೊತ್ತು ಇಳಿಯೋವರೆಗೂ ಚೆನ್ನಾಗಿ ಮಾತಾಡ್ತಿದ್ದ ಕಣಕ್ಕ. ಆಮೇಲೆ ನಾಲಿಗೆ ಬಿತ್ತು. ಮಧ್ಯಾಹ್ನದ ರೈಲಿಗೆ ಬಂದಿದ್ರೆ ಸಿಕ್ತಿದ್ದ.' ಯಜಮಾನರು ಅಪ್ಪನ ಕಾಲ ಹತ್ತಿರ ಕೂತು, 'ದೊಡ್ಡ ಪಟ್ಟೀನೇ ಮುರೀತು ಮಾವ, ಬುಷ್ಷೆಲ್ಲ ಹೊಸಾವೇ ಹಾಕ್ಸಿದ್ದೆ' ಎಂದು ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಪಾಪ, ಅಪ್ಪ ಅಳಿಯನಿಗೆ ಮರ್ಯಾದೆ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡ. ಕೋಳಿ ಕೂಗುವ ಮೊದಲು ಹೋದ. ಹೇಳಬೇಕಾಗಿದ್ದ ಮಾತು ಏನೋ ಯಾರಿಗೂ ಗೊತ್ತಿಲ್ಲ. ಮದುವೆಯಲ್ಲಿ ನನ್ನ ಜೊತೆ ಕಳಿಸಿದ್ದ ಎಮ್ಮೆಯ ವಿಚಾರವೂ ಇರಬಹುದು. ಅದು ಒದೆಯುತ್ತಿತ್ತು.

ಬೆಳಗಾದ ಮೇಲೆ, ನೆಂಟರು ಯಾವ ರೈಲಿಗೆ ಬಂದಾರು ಎಂದು ಕೇಳಿಕೊಂಡು ಬರಲು ನಾನೇ ಸ್ಟೇಷನ್ನಿಗೆ ನಡೆದೆ. ಮನೆಯ ಗಂಡಸರೆಲ್ಲ ಗುಂಡಿ ತೋಡಿಸಲು ಹೋಗಿದ್ದರು. ಟಿಕೆಟ್ ಕೊಡುವವರು, 'ಇವತ್ತು ಸರಿಯಾಗಿ ಬರುತ್ತೆ ತಾಯಿ. ನಿನ್ನೆ ಇಂಜಿನ್ ಕೆಟ್ಟು ಕಡೂರಿಂದ ಬರೋ ಮಧ್ಯಾಹ್ನದ ಗಾಡಿ ಕತ್ತಲಾದ ಮೇಲೆ ಬಂತು' ಎಂದರು. ನಾನು ಒಂದು ಗಳಿಗೆ ಆ ಕಿಟಕಿ ಹಿಡಿದುಕೊಂಡು ನಿಂತಿದ್ದು ವಾಪಸ್ಸು ಬಂದೆ. ಯಜಮಾನರು ಆಗತಾನೆ ಗುಂಡಿಯ ಹತ್ತಿರದಿಂದ ಬಂದು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ನನ್ನ ಮುಖ ನೋಡದೆ ಕೇಳಿದರು, 'ನಿನ್ನೆ ರೈಲು ಟೈಮಿಗೆ ಬಂದಿತ್ತಂತಾ?'

'ಬಂದಿತ್ತಂತೆ' ಎಂದು ಒಳಗೆ ಹೋಗಿ, ಅಪ್ಪನ ಮೈ ತೊಳೆಯಲು ಒಲೆಯ ಮೇಲೆ ನೀರಿಟ್ಟೆ.