ಎರಡು ಇಂಚು ಹೆಚ್ಚಿದ ಸೊಂಟ

ಗಡಿಯಾರ ರಿಪೇರಿಯವನ ಸೊಂಟ ಎರಡು ಇಂಚು ಹೆಚ್ಚಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಬೆಳಿಗ್ಗೆ ಅವನು ಪಕ್ಕದ ದರ್ಜಿಯ ಅಂಗಡಿಗೆ ಬಂದು, "ಅಣ್ಣ, ಈ ಪ್ಯಾಂಟು ಹಿಡೀತಿದೆ. ಸ್ವಲ್ಪ ಲೂಸ್ ಮಾಡ್ಕೊಡಿ" ಅಂದ. ದರ್ಜಿ ಟೇಪು ಸುತ್ತಿ ನೋಡಿದ. ವರ್ಷದಲ್ಲಿ ಇದು ಮೂರನೇ ಸಲ! ಕೈಯಲ್ಲಿ ಕಾಸು ಆಡಿದರೆ ಬಾಯಿಗಿಂತ ಮೊದಲು ಸೊಂಟ ಹೇಳುತ್ತದೆ ಎಂಬುದು ಇಪ್ಪತ್ತು ವರ್ಷ ಅಳತೆ ತೆಗೆದ ದರ್ಜಿಯ ಸಿದ್ಧಾಂತ. ಒಬ್ಬನ ಹೊಟ್ಟೆ ಬೆಳೆದಿತ್ತು, ಇನ್ನೊಬ್ಬನ ಹೊಟ್ಟೆ ಉರಿಯತೊಡಗಿತು.

"ವ್ಯಾಪಾರ ಜೋರೇನಪ್ಪಾ?"

"ಎಲ್ಲಿ ಬಂತು? ಎಲ್ರೂ ಫೋನಲ್ಲೇ ಟೈಮ್ ನೋಡ್ತಾರೆ" ಎಂದು ಅವನು ಹೊರಟ.

ಅವನು ಹೋಗಿದ್ದೇ ತಡ, ಎದುರಿನ ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ತಲೆ ಹಾಗೇ ಬಿಟ್ಟು, ಕತ್ತರಿ ಸಮೇತ ರಸ್ತೆ ದಾಟಿ ಬಂದ.

"ನಿಮ್ಗೆ ಗೊತ್ತಿಲ್ವಾ? ಶೇರು! ಅದ್ಯಾವುದೋ ಪಂಪ್ ಕಂಪನೀದು. ಅವನ ದುಡ್ಡು ದುಪ್ಪಟ್ಟಾಗಿದೆ. ನೀವು ಡಿಪಾಸಿಟ್ ಅಂತ ಕೂತಿದೀರಿ, ಆ ಬಡ್ಡಿ ನಿಮ್ಮ ದಾರಕ್ಕೂ ಸಾಲಲ್ಲ."

ತನಗೂ ಗಡಿಯಾರದವನಿಗೂ ನಡುವೆ ಗೋಡೆ ಒಂದೇ, ಬಾಡಿಗೆ ಒಂದೇ. ಅವನಿಗೆ ಮಾತ್ರ ದುಪ್ಪಟ್ಟೇ? ದರ್ಜಿಗೆ ಸಹಿಸಲಾಗಲಿಲ್ಲ. ಡಿಪಾಸಿಟ್ ಮುರಿಸಲು ಬ್ಯಾಂಕಿಗೆ ಓಡುತ್ತಲೇ ಹೆಂಡತಿಗೆ ಫೋನು ಮಾಡಿದ.

"ಅದು ಮೋಟರ್ ಮೆಷಿನ್‌ಗೆ ಅಂತ ಆರು ವರ್ಷ ಕೂಡಿಟ್ಟಿದ್ದು ಕಣ್ರೀ! ತುಳಿದೂ ತುಳಿದೂ ನಿಮ್ಮ ಮಂಡಿ ಹೋಗಿದೆ" ಎಂದಳು ಅವಳು.

"ಮೆಷಿನ್ ಏನೇ, ಫ್ಯಾಕ್ಟರಿನೇ ಹಾಕ್ತೀನಿ!"

ಬ್ಯಾಂಕಿನ ಹುಡುಗಿಯೂ ಹೇಳಿ ನೋಡಿದಳು. "ಅವಧಿಗೆ ಮುಂಚೆ ಮುರಿದ್ರೆ ಬಡ್ಡಿ ಹೋಗುತ್ತೆ, ಅಂಕಲ್. ಹಾಕೋದಾದ್ರೂ ಎಲ್ಲಾನೂ ಒಂದೇ ಕಡೆ ಹಾಕ್ಬೇಡಿ."

"ಅವನು ಹಾಕಿಲ್ವಾ?" ಎಂದು ದರ್ಜಿ ಸಹಿ ಹಾಕಿದ.

ಹೊಸಬರನ್ನು ಸೇರಿಸಿದರೆ ಸಿಗುವ ಬಹುಮಾನದ ಆಸೆಗೆ ಕಟಿಂಗ್ ಶಾಪಿನವನು ಹೋದ ತಿಂಗಳೇ ದರ್ಜಿಯ ಹೆಸರಲ್ಲಿ ಶೇರು ಖಾತೆ ತೆರೆಸಿದ್ದ. ಹನ್ನೊಂದು ಗಂಟೆಗೆ ಇಬ್ಬರೂ ಸೇರಿ ಇಡೀ ಮೊತ್ತಕ್ಕೆ ಪಂಪ್ ಶೇರು ಕೊಂಡರು. ಅರ್ಧ ತಲೆಯ ಗಿರಾಕಿ ಇನ್ನೂ ಕನ್ನಡಿಯೆದುರೇ ಕೂತಿದ್ದ.

ಆಮೇಲೆ ದರ್ಜಿಯ ಕಣ್ಣು ಫೋನಿನಲ್ಲೇ. ಶೇರು ಎರಡು ರೂಪಾಯಿ ಇಳಿದರೆ ಕಾಲು ನಿಲ್ಲುತ್ತಿತ್ತು, ಮೂರು ಏರಿದರೆ ಮೆಷಿನ್ನು ಕುದುರೆಯಂತೆ ಓಡುತ್ತಿತ್ತು. ಹೀಗೆ ಓಡಿಸಿ ಮೇಷ್ಟರ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದು, ಅವರಿಂದ ಚೆನ್ನಾಗಿ ಬೈಸಿಕೊಂಡ.

ಸಂಜೆ ಗಡಿಯಾರದವನು ಹಗುರಾಗಿ ನಗುತ್ತ ಬಂದ.

"ಪ್ಯಾಂಟಿನ ಹೊಲಿಗೆ ಬಿಚ್ಬೇಡಿ ಅಣ್ಣ, ಇನ್ನು ಸೊಂಟ ತಾನಾಗೇ ಇಳಿಯುತ್ತೆ. ಬೆಳಿಗ್ಗೆ ಶೇರೆಲ್ಲ ಮಾರಿ ಡಿಪಾಸಿಟ್‌ಗೆ ಹಾಕ್ಬಿಟ್ಟೆ."

"ಮಾರ್... ಮಾರಿದ್ಯಾ? ಯಾವಾಗ?"

"ಹನ್ನೊಂದಕ್ಕೆ. ಯಾವನೋ ಪುಣ್ಯಾತ್ಮ ತಗೊಂಡ. ಇಳಿದ್ರೆ ದುಃಖಕ್ಕೆ ತಿಂತಿದ್ದೆ, ಏರಿದ್ರೆ ಭಯಕ್ಕೆ ತಿಂತಿದ್ದೆ. ನಿಜ ಹೇಳ್ಲಾ? ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚಣ್ಣ. ದಿನಾ ಊಟ ಆದ್ಮೇಲೆ ಮೆಷಿನ್ ಮೇಲೆ ತಲೆ ಇಟ್ಟು ಗೊರಕೆ ಹೊಡೀತೀರಲ್ಲ, ಆ ನಿದ್ದೆ ನಂಗೂ ಬೇಕು ಅನ್ನಿಸ್ತು."

ಮರುದಿನ ಮಧ್ಯಾಹ್ನ ಗೋಡೆಯಾಚೆಯಿಂದ ಸೊಗಸಾದ ಗೊರಕೆ ಕೇಳಿಬಂತು. ಶೇರು ನಾಲ್ಕು ರೂಪಾಯಿ ಏರಿತ್ತು. ಆದರೂ ದರ್ಜಿಗೆ ಕಣ್ಣು ಮುಚ್ಚುವ ಧೈರ್ಯವಿಲ್ಲ, ಹೊಟ್ಟೆ ನಿನ್ನೆಗಿಂತ ಹೆಚ್ಚು ಉರಿಯುತ್ತಿತ್ತು. ತಾಳಲಾರದೆ ಗೋಡೆ ಗುದ್ದಿದ.

"ಮೆಲ್ಲಗೆ ಮಲಗಯ್ಯಾ! ಇಲ್ಲಿ ದುಡ್ಡು ದುಡೀತಾ ಇದೆ!"

ಗೊರಕೆ ನಿಲ್ಲಲಿಲ್ಲ. ಶೇರು ಐದು ರೂಪಾಯಿ ಇಳಿಯಿತು.