ಮಾವನವರ ಪಡಸಾಲೆಗೊಂದು ಜಲಪಾತ

ನನ್ನ ಮಾವನವರು ಮಗಳನ್ನು ಕೊಟ್ಟ ಹದಿನೆಂಟು ವರ್ಷಗಳಲ್ಲಿ ನನ್ನ ಹತ್ತಿರ ಏನೂ ಕೇಳಿದವರಲ್ಲ. ಕೇಳಿ ಪ್ರಯೋಜನವಿಲ್ಲ ಎಂಬುದು ಅವರಿಗೆ ಮದುವೆಯ ದಿನವೇ ಗೊತ್ತಾಗಿತ್ತಂತೆ. ಹೀಗೆಂದು ನನ್ನ ಹೆಂಡತಿ ಸುವರ್ಣಾ ಹೇಳುತ್ತಾಳೆ. ಅಂಥವರು ಈ ಶ್ರಾವಣದಲ್ಲಿ ಚಿಕ್ಕಪಡಸಲಗಿಯಿಂದ ತಾವಾಗಿಯೇ ಫೋನ್ ಮಾಡಿದರು.

"ಅಳ್ಯಾರ, ನೀವು ಫೋಟೊ ಭಾಳ ಛಲೋ ತಗೀತೀರಂತ. ನಮ್ಮ ಬ್ಯಾರೇಜಿಂದು ಒಂದು ದೊಡ್ಡ ಫೋಟೊ ಮಾಡಿಸಿ ಕೊಡ್ರಿ. ಹೊಸ ಮನಿ ಪಡಸಾಲ್ಯಾಗ ಹಾಕೂನು."

"ಆತ್ರಿ ಮಾವಾರ, ಅದರಾಗೇನೈತಿ" ಎಂದೆ.

ಆ ಬ್ಯಾರೇಜ್ ಅವರಿಗೆ ಬರೀ ಬ್ಯಾರೇಜ್ ಅಲ್ಲ. ರೈತರೇ ಸೇರಿ ಕೃಷ್ಣಾ ನದಿಗೆ ಅಡ್ಡಲಾಗಿ ಅದನ್ನು ಕಟ್ಟಿದಾಗ ಮಾವನವರೂ ಹರೆಯದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವರು. ದಡದಿಂದ ಮೂರನೆಯ ಕಂಬವನ್ನು ತಮ್ಮ ಹೊಲದ ಬೇವಿನ ಮರದಂತೆ 'ನಮ್ಮದು' ಎನ್ನುತ್ತಾರೆ. ಅವರ ಜೊತೆ ಆ ಕಂಬಕ್ಕೆ ಬುಟ್ಟಿ ಹೊತ್ತವರಲ್ಲಿ ಈಗ ಉಳಿದಿರುವುದು ಗೆಳೆಯ ಬೀರಪ್ಪಕಾಕಾ ಒಬ್ಬರೇ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಗುಮಾಸ್ತ. ಆದರೆ ಆರು ತಿಂಗಳಿಂದ, ಒಂದು ವಾಟ್ಸಪ್ ಬಳಗದಲ್ಲಿ, ಛಾಯಾಗ್ರಾಹಕ. ಭಾನುವಾರ ಹೋಗಿ ಫೋಟೊ ತೆಗೆದೆ. ನೀರು ಗೇಟುಗಳ ಮೇಲಿಂದ ಉಕ್ಕಿ, ಕಂಬಗಳ ನಡುವೆ ಬೆಳ್ಳಗೆ ಧುಮುಕುತ್ತಿತ್ತು. ಅಲ್ಲಿಗೇ ಸುಮ್ಮನಾಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ಅದನ್ನು ಬಳಗಕ್ಕೆ ಕಳಿಸಿ, "ದಯವಿಟ್ಟು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿ" ಎಂದು ವಿನಂತಿಸಿಕೊಂಡೆ. ಅವರು ವಿನಂತಿಯನ್ನು ಮನ್ನಿಸಿದರು.

ಒಬ್ಬರು, ಎಡಗಡೆಯ ಕರೆಂಟಿನ ತಂತಿ ಕಣ್ಣಿಗೆ ಚುಚ್ಚುತ್ತದೆ ಎಂದರು. ಫೋನಿನಲ್ಲಿ ಬೆರಳಾಡಿಸಿ ಅಳಿಸಿದೆ. ಇನ್ನೊಬ್ಬರು, ನೀರಿಗಿಂತ ಹೊಳೆಯಲ್ಲಿ ನಿಂತ ಎಮ್ಮೆಯೇ ಗಮನ ಸೆಳೆಯುತ್ತಿದೆ ಎಂದರು. ಎಮ್ಮೆಯನ್ನೂ ಅಳಿಸಿದೆ. ಬಾಲ ಉಳಿಯಿತು! ಹೊಳೆಯ ನಡುವೆ ಒಂಟಿಯಾಗಿ ನಿಂತ ಆ ಬಾಲವನ್ನು ತೆಗೆಯಲು ಮತ್ತೆ ಅರ್ಧ ಗಂಟೆ ಹಿಡಿಯಿತು.

ಕೊನೆಗೆ, ನಾವೆಲ್ಲ 'ಗುರುಗಳು' ಎಂದು ಕರೆಯುವ ಬೆಂಗಳೂರಿನ ಹಿರಿಯರು ಬಾಯಿಬಿಟ್ಟರು. "ನೀರು ಚೆನ್ನಾಗಿದೆ. ಆದರೆ ನಿಸರ್ಗಚಿತ್ರದಲ್ಲಿ ಈ ಕಂಬಗಳೇಕೆ? ಮನುಷ್ಯನ ಕೈ ಸೋಕದ ನೀರನ್ನು ತೋರಿಸಿ."

ನಾನು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಒಂದು ಕಂಬ ತೆಗೆದೆ. ಉಳಿದವು ಹಲ್ಲು ಬಿದ್ದ ಬಾಯಿಯಂತೆ ಕಂಡವು, ಹಾಗಾಗಿ ಎಲ್ಲವನ್ನೂ ತೆಗೆದೆ. ಗೇಟು, ಮೇಲಿನ ರಸ್ತೆ ಕೂಡ ಹೋದವು. ಆಗ ನೀರು ಬರಿಗಾಳಿಯಿಂದ ಬೀಳತೊಡಗಿತು. ಅದಕ್ಕೆ ಆಧಾರವಾಗಿ ಬಂಡೆ ಕೂರಿಸಿದೆ. ಬಂಡೆಗೆ ಹಿನ್ನೆಲೆ ಬೇಕಲ್ಲ, ಹಸಿರು ಗುಡ್ಡ ತಂದೆ. ನೀರನ್ನು ನಯಮಾಡುತ್ತ ಮಾಡುತ್ತ ಒಂದು ಹನಿಯೂ ಕಾಣದಷ್ಟು ನಯಮಾಡಿದೆ.

ಸುವರ್ಣಾ ಬನಹಟ್ಟಿಯ ನಮ್ಮ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಫೋನ್ ಇಸಿದುಕೊಂಡು ನೋಡಿದಳು.

"ಇದು ನೀರ ಏನ್ರಿ? ಮಗ್ಗಕ್ಕ ಹಾಸಿನ ನೂಲು ಹಚ್ಚಿದಂಗ ಕಾಣಾಕತ್ತೈತಿ. ನಮ್ಮ ಹೊಳಿಗೆ ಈ ಗುಡ್ಡ ಎಲ್ಲಿಂದ ಬಂತು?"

"ಇದಕ್ಕ ಕಲೆ ಅಂತಾರ. ನಿನಗ ತಿಳ್ಯಾಂಗಿಲ್ಲ."

"ತಿಳೀದಿದ್ರ ಬಿಡ್ರಿ. ಅಪ್ಪ ಕೇಳಿದ್ದು ಇದನ್ನ ಏನು?"

"ಅದನ್ನ. ಇನ್ನಷ್ಟು ಛಲೋ ಮಾಡೇನಿ ಅಷ್ಟ."

ಬಳಗದಲ್ಲಿ ಹೊಗಳಿಕೆಯೋ ಹೊಗಳಿಕೆ. ಗುರುಗಳು "ಇದು ಚಿತ್ರ" ಎಂದರು. ಎರಡೇ ಪದ! ನನಗೆ ನೆಲ ಕಾಣಲಿಲ್ಲ. ಮೂರಡಿ ಅಗಲದ ಫ್ರೇಮು ಹಾಕಿಸಲು ಕೊಟ್ಟಾಗ ಸ್ಟುಡಿಯೋದವನು, "ಸರ್, ಇದು ಘಟ್ಟದ ಕಡೀದೇನ್ರಿ?" ಎಂದು ಕೇಳಿದ. ಬುದ್ಧಿಯಿದ್ದವನಿಗೆ ಅಷ್ಟು ಸಾಕಾಗಿತ್ತು. ನಾನು ಅದನ್ನು ಪ್ರಶಸ್ತಿಯೆಂದು ಸ್ವೀಕರಿಸಿದೆ.

ವಾಸ್ತುಶಾಂತಿಯ ದಿನ ಪಡಸಾಲೆ ತುಂಬ ಜನ. ಮಾವನವರು ಬೀರಪ್ಪಕಾಕಾನನ್ನು ಮುಂದೆಯೇ ಕೂರಿಸಿ, ಫ್ರೇಮಿಗೆ ಸುತ್ತಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು. ಚಷ್ಮಾ ಏರಿಸಿದರು. ಅವರ ಬೆರಳು ಗಾಜಿನ ಎಡಗಡೆಯಿಂದ ಬಲಗಡೆಗೆ ಹೋಯಿತು. ಮತ್ತೆ ಎಡಕ್ಕೆ ಬಂತು.

"ಭಾಳ ಛಲೋ ಐತ್ರಿ ಅಳ್ಯಾರ. ಇದು ಯಾವ ಊರದ್ದು?"

"ನಮ್ಮದ ರೀ. ಬ್ಯಾರೇಜಿಂದು."

ಬೀರಪ್ಪಕಾಕಾ ಎದ್ದು ಹತ್ತಿರ ಬಂದರು. "ಬ್ಯಾರೇಜ ಎಲ್ಲೈತೋ ತಮ್ಮಾ?"

"ಇತ್ತರೀ ಕಾಕಾ. ತಗದೇನಿ."

"ಯಾಕ?"

ಈ ಪ್ರಶ್ನೆಗೆ ಸುಳ್ಳು ಹೇಳಬಹುದಿತ್ತು. ಆದರೆ ನಾನು ಬಳಗದ ಸಿದ್ಧಾಂತವನ್ನೇ ಸಭೆಗೆ ನಿವೇದಿಸಿದೆ. "ನೀರಿನ ಚಿತ್ರದಾಗ ಮನುಷ್ಯಾನ ಕೈ ಸೋಕಿರಬಾರದಂತರೀ."

ಚಹಾ ಕೊಡುತ್ತಿದ್ದವರೂ ನಿಂತುಬಿಟ್ಟರು. ಮಾವನವರು ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. ನನಗೆ ಅಳು ಬರುವಷ್ಟು ನಾಚಿಕೆಯಾಯಿತು. ಹದಿನೆಂಟು ವರ್ಷಕ್ಕೆ ಒಂದೇ ಒಂದು ವಸ್ತು ಕೇಳಿದ್ದರು, ನಾನು ಅದನ್ನೇ ಅಳಿಸಿ ತಂದಿದ್ದೆ. ಮೊದಲಿನ ಫೋಟೊವನ್ನಾದರೂ ತೋರಿಸೋಣವೆಂದರೆ, ತಿದ್ದಿದ್ದನ್ನೆಲ್ಲ ಅದರ ಮೇಲೆಯೇ ಉಳಿಸಿದ್ದೆ, ಬಳಗಕ್ಕೆ ಕಳಿಸಿದ್ದನ್ನೂ ಅಳಿಸಿಬಿಟ್ಟಿದ್ದೆ.

ಮರುದಿನ ಕಾಲೇಜಿಗೆ ರಜೆ ಹಾಕಿ ಹೋದೆ. ಮಾವನವರನ್ನೂ ಬೀರಪ್ಪಕಾಕಾನನ್ನೂ ಕರೆದುಕೊಂಡು ಹೋಗಿ, ಬ್ಯಾರೇಜಿನ ಮುಂದೆ ನಿಲ್ಲಿಸಿ ಫೋಟೊ ತೆಗೆದೆ. ಬಳಗಕ್ಕೆ ಕಳಿಸಲಿಲ್ಲ. ಒಂದು ಹುಲ್ಲುಕಡ್ಡಿಯನ್ನೂ ಮುಟ್ಟದೆ ಹಾಗೆಯೇ ಫ್ರೇಮು ಹಾಕಿಸಿ ತಂದುಕೊಟ್ಟೆ. ಮಾವನವರು ಬಹಳ ಹೊತ್ತು ನೋಡಿ, ಮೂರನೆಯ ಕಂಬವನ್ನು ಗಾಜಿನ ಮೇಲಿಂದ ಸವರಿ, ಪಡಸಾಲೆಯ ನಡುಮಧ್ಯೆ ತೂಗುಹಾಕಿದರು. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ನನ್ನ ಜಲಪಾತವನ್ನೂ ತೂಗುಹಾಕಿದರು. "ಅದೊಂದನ್ನ ಇಳಸ್ರಿ" ಎಂದು ಕೈಮುಗಿದೆ. "ಇರ್ಲಿ ಬಿಡ್ರಿ, ರೊಕ್ಕ ಕೊಟ್ಟು ಮಾಡಿಸೀರಿ" ಎಂದರು.

ಈಗ ಮನೆಗೆ ಯಾರೇ ಬರಲಿ, ಮಾವನವರು ಮೊದಲು ಎರಡೂ ಚಿತ್ರ ತೋರಿಸುತ್ತಾರೆ.

"ಇದು ನಾವು ಕಟ್ಟಿದ್ದು. ಎಷ್ಟ ಮಹಾಪೂರ ಬಂದು ಹೋದ್ವು, ಒಂದು ಕಂಬ ಅಳ್ಳಾಡಲಿಲ್ಲ. ಇದು ನಮ್ಮ ಅಳ್ಯಾರದ್ದು. ಮನ್ಯಾಗ ಕುಂತು ಒಂದ ಬೆರಳಿಲೆ ಅಷ್ಟೂ ತಗದ್ರು ನೋಡ್ರಿ."

ಬಂದವರು ಆಮೇಲೆ ಯಾವ ಚಿತ್ರವನ್ನೂ ನೋಡುವುದಿಲ್ಲ. ನನ್ನ ಬೆರಳು ನೋಡುತ್ತಾರೆ.